ಸಂಬಳದಿಂದ ಗುತ್ತಿಗೆಗೆ: ಮೊದಲ ವರ್ಷದ ತೆರಿಗೆ ಲೆಕ್ಕ

ಸಂಬಳದ ನೌಕರಿಯಲ್ಲಿರುವವರ ಆದಾಯ ತೆರಿಗೆಯ ಬಹುಪಾಲು ಕೆಲಸವನ್ನು ಅವರ ಕಚೇರಿಯ ಲೆಕ್ಕಪತ್ರ ವಿಭಾಗವೇ ಮಾಡಿ ಮುಗಿಸಿರುತ್ತದೆ. ವರ್ಷದ ಸಂಬಳವನ್ನು ಅಂದಾಜು ಮಾಡಿ, ಅದಕ್ಕೆ ತಗಲುವ ತೆರಿಗೆಯನ್ನು ತಿಂಗಳು ತಿಂಗಳೂ ಹಿಡಿದು ಸರ್ಕಾರಕ್ಕೆ ಕಟ್ಟಿ, ಮುಂದಿನ ಜೂನ್ 15ರ ಹೊತ್ತಿಗೆ ಫಾರಂ 16 ಎಂಬ ಪ್ರಮಾಣಪತ್ರವನ್ನು ಕೊಡುವ ಈ ವ್ಯವಸ್ಥೆಯಲ್ಲಿ, ಅಂಕಿಗಳನ್ನು ತಾಳೆ ನೋಡಿ ರಿಟರ್ನ್ಸ್ ಸಲ್ಲಿಸುವುದಷ್ಟೇ ನೌಕರನ ಪಾಲಿಗೆ ಉಳಿಯುತ್ತದೆ. ನೌಕರಿ ಬಿಟ್ಟು ಗುತ್ತಿಗೆಯ ಮೇಲೆ ದುಡಿಯತೊಡಗಿದವರಿಗೆ, ಅಂದರೆ ಬೆಂಗಳೂರಿನ ಸಾಫ್ಟ್‌ವೇರ್ ವಲಯದಲ್ಲಿ ‘ಕನ್ಸಲ್ಟಂಟ್’ ಎನಿಸಿಕೊಳ್ಳುವವರಿಗೆ, ಈ ಆಸರೆ ಒಮ್ಮೆಲೇ ಇಲ್ಲವಾಗುತ್ತದೆ. ಈ ದಾರಿಯನ್ನು ನಡೆದು ನೋಡಿದ ಅನುಭವ ಕಲಿಸುವ ಮೊದಲ ಪಾಠವೆಂದರೆ, ಜುಲೈಯಲ್ಲಿ ಸಲ್ಲಿಸುವ ರಿಟರ್ನ್ಸಿನ ಸ್ವರೂಪ ಅದರ ಹಿಂದಿನ ಮಾರ್ಚಿಯೊಳಗೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ ಎಂಬುದು.

1961ರ ಆದಾಯ ತೆರಿಗೆ ಕಾಯ್ದೆ ಗಳಿಕೆಯನ್ನು ಐದು ಶೀರ್ಷಿಕೆಗಳಲ್ಲಿ ವಿಂಗಡಿಸಿದ್ದು, ಅವುಗಳಲ್ಲಿ ಸಂಬಳ ಒಂದಾದರೆ ವ್ಯಾಪಾರ ಅಥವಾ ವೃತ್ತಿಯಿಂದ ಬರುವ ಲಾಭ ಇನ್ನೊಂದು. ಅದೇ ಕಂಪನಿಗೆ ಅದೇ ಬಗೆಯ ಕೆಲಸ ಮಾಡಿಕೊಟ್ಟರೂ, ಒಪ್ಪಂದದ ಸ್ವರೂಪ ನಿಜವಾಗಿ ಬದಲಾಗಿದ್ದರೆ ಹಣ ಎರಡನೆಯ ಶೀರ್ಷಿಕೆಗೆ ಸೇರುತ್ತದೆ. ‘ನಿಜವಾಗಿ’ ಎಂಬ ಮಾತಿಗೆ ಇಲ್ಲಿ ತೂಕವಿದೆ. ಆಸ್ಪತ್ರೆಯೊಂದರ ಕನ್ಸಲ್ಟಂಟ್ ವೈದ್ಯರಿಗೆ ಸಂದ ಹಣ ಸಂಬಳವೋ ವೃತ್ತಿ ಶುಲ್ಕವೋ ಎಂಬ ಪ್ರಶ್ನೆ ಕರ್ನಾಟಕ ಹೈಕೋರ್ಟಿನ ಮುಂದೆ ಬಂದಾಗ, 2015ರಲ್ಲಿ ನ್ಯಾಯಾಲಯ ಅದು ವೃತ್ತಿ ಶುಲ್ಕವೇ ಎಂದು ತೀರ್ಮಾನಿಸಿತು. ಅದಕ್ಕಾಗಿ ಅದು ನೋಡಿದ್ದು ಪಾವತಿಗೆ ಕೊಟ್ಟ ಹೆಸರನ್ನಲ್ಲ, ಒಪ್ಪಂದದ ಷರತ್ತುಗಳನ್ನು. ಆದ್ದರಿಂದ ಗುತ್ತಿಗೆಯ ಪತ್ರಕ್ಕೆ ಸಹಿ ಹಾಕುವ ಮುನ್ನ ಅದನ್ನು ತೆರಿಗೆಯ ದೃಷ್ಟಿಯಿಂದಲೂ ಓದುವುದು ಅಗತ್ಯ.

ವೃತ್ತಿಯ ಆದಾಯವಿದ್ದವರು ನೌಕರರು ಬಳಸುವ ಸರಳ ನಮೂನೆಯಾದ ಐಟಿಆರ್-1ನ್ನು ಬಳಸುವಂತಿಲ್ಲ. ಅವರಿಗಿರುವುದು ಐಟಿಆರ್-3 ಅಥವಾ ಐಟಿಆರ್-4. ಎರಡನೆಯದನ್ನು ಬಳಸಲು ಆಧಾರವಾಗುವ ಮುಖ್ಯ ಸವಲತ್ತು ಕಲಂ 44ಎಡಿಎ. 2016ರ ಹಣಕಾಸು ಕಾಯ್ದೆ ಸೇರಿಸಿದ ಈ ಕಲಮಿನ ಪ್ರಕಾರ, ನಿರ್ದಿಷ್ಟ ವೃತ್ತಿಗಳಲ್ಲಿರುವವರು ವರ್ಷದ ಒಟ್ಟು ಸ್ವೀಕೃತಿಯ ಶೇಕಡಾ 50ನ್ನು ಲಾಭವೆಂದು ಘೋಷಿಸಿದರೆ ಖರ್ಚಿನ ಲೆಕ್ಕ ಒಪ್ಪಿಸಬೇಕಾಗಿಲ್ಲ. ಸ್ವೀಕೃತಿಯ ಮಿತಿ 50 ಲಕ್ಷ ರೂಪಾಯಿ; ನಗದಾಗಿ ಬಂದದ್ದು ಶೇಕಡಾ 5ನ್ನು ಮೀರದಿದ್ದರೆ ಅದು 75 ಲಕ್ಷ. ವಕೀಲಿ, ವೈದ್ಯಕೀಯ, ಎಂಜಿನಿಯರಿಂಗ್, ತಾಂತ್ರಿಕ ಸಲಹೆ, ಮಾಹಿತಿ ತಂತ್ರಜ್ಞಾನ ಮೊದಲಾದವು ಈ ವೃತ್ತಿಗಳ ಪಟ್ಟಿಯಲ್ಲಿವೆ. ಅನುವಾದ, ಜಾಹೀರಾತು ಬರವಣಿಗೆಯಂತಹ ಕೆಲಸಗಳ ಹೆಸರು ಅದರಲ್ಲಿಲ್ಲವಾದ್ದರಿಂದ, ಅಂಥವರು ಈ ಕಲಂ ತಮಗೂ ಅನ್ವಯಿಸುತ್ತದೆಂದು ತಾವೇ ಭಾವಿಸಿಕೊಳ್ಳದೆ ಆಡಿಟರನ್ನು ಕೇಳುವುದು ಲೇಸು. ಇನ್ನೊಂದು ಎಚ್ಚರ, ಬಹುರಾಷ್ಟ್ರೀಯ ಕಂಪನಿ ಬಿಟ್ಟುಬಂದವರಿಗೆ ಸಂಬಂಧಿಸಿದ್ದು. ವಿದೇಶಿ ಮಾತೃಸಂಸ್ಥೆಯ ಷೇರುಗಳು ಅವರ ಹೆಸರಿನಲ್ಲಿ ಉಳಿದಿದ್ದರೆ ಐಟಿಆರ್-4 ಅವರಿಗೆ ದಕ್ಕುವುದಿಲ್ಲ. 44ಎಡಿಎ ಆಯ್ದುಕೊಂಡರೂ ಐಟಿಆರ್-3ರಲ್ಲಿಯೇ ವಿದೇಶಿ ಆಸ್ತಿಯ ವಿವರದೊಂದಿಗೆ ಅದನ್ನು ತೋರಿಸಬೇಕಾಗುತ್ತದೆ.

ನೌಕರಿ ಮತ್ತು ಗುತ್ತಿಗೆ ಎರಡೂ ಕೂಡಿದ ಮೊದಲ ವರ್ಷದ ತೊಡಕು ಲೆಕ್ಕ ಹಾಕಿದಾಗಲೇ ಸ್ಪಷ್ಟವಾಗುವುದು. 2024-25ರ ಹಣಕಾಸು ವರ್ಷದಲ್ಲಿ ಒಬ್ಬರು ಮೊದಲ ಆರು ತಿಂಗಳು ತಲಾ 1 ಲಕ್ಷ ಸಂಬಳ ಪಡೆದು, ಉಳಿದ ಆರು ತಿಂಗಳು ಗುತ್ತಿಗೆಯಿಂದ ತಲಾ 1.5 ಲಕ್ಷ ಗಳಿಸಿದರೆಂದು ಇಟ್ಟುಕೊಳ್ಳಬಹುದು. ಹೊಸ ತೆರಿಗೆ ಪದ್ಧತಿಯಲ್ಲಿ 6 ಲಕ್ಷ ಸಂಬಳದಿಂದ 75,000 ರೂಪಾಯಿಯ ಪ್ರಮಾಣಿತ ಕಡಿತ ಕಳೆದರೆ 5.25 ಲಕ್ಷ ಉಳಿಯುತ್ತದೆ; 9 ಲಕ್ಷ ಗುತ್ತಿಗೆ ಹಣದ ಅರ್ಧ 4.5 ಲಕ್ಷ; ಒಟ್ಟು ಆದಾಯ 9.75 ಲಕ್ಷ, ಉಪಕರವೂ ಸೇರಿ ತೆರಿಗೆ 49,400 ರೂಪಾಯಿ. ಗಿರಾಕಿ ಭಾರತದ ಕಂಪನಿಯಾಗಿದ್ದು ಕಲಂ 194ಜೆ ಅಡಿಯಲ್ಲಿ ಶೇಕಡಾ 10ರಂತೆ ಮೂಲದಲ್ಲೇ ತೆರಿಗೆ ಕಡಿತ, ಅಂದರೆ ಟಿಡಿಎಸ್, ಮಾಡಿದ್ದರೆ ಆಗಲೇ 90,000 ರೂಪಾಯಿ ಸರ್ಕಾರಕ್ಕೆ ಸಂದಿರುತ್ತದೆ, ಮತ್ತು ಹೆಚ್ಚಾದದ್ದು ರಿಟರ್ನ್ಸ್ ಸಲ್ಲಿಸಿದ ಮೇಲೆ ಮರಳುತ್ತದೆ. ಗಿರಾಕಿ ವಿದೇಶದಲ್ಲಿದ್ದು ಟಿಡಿಎಸ್ ಮಾಡದವರಾಗಿದ್ದರೆ, ಅದೇ ಗಳಿಕೆಗೆ ಅದೇ 49,400 ರೂಪಾಯಿಯನ್ನು ದುಡಿದವರೇ ಹೊಂದಿಸಬೇಕು. ಆರು ತಿಂಗಳ ಸಂಬಳದಲ್ಲಿ ಹಿಡಿದದ್ದು ಇದೆಯಲ್ಲ ಎಂದು ಸಮಾಧಾನಪಡುವಂತೆಯೂ ಇಲ್ಲ. ನೌಕರಿ ಬಿಡುವಾಗಿನ ಕೊನೆಯ ಲೆಕ್ಕದಲ್ಲಿ ಕಚೇರಿ ತನ್ನಿಂದ ಹೋದ 5.25 ಲಕ್ಷವನ್ನಷ್ಟೇ ನೋಡುತ್ತದೆ. ಆ ವರ್ಷ 7 ಲಕ್ಷದವರೆಗಿನ ಆದಾಯಕ್ಕೆ ಕಲಂ 87ಎ ಅಡಿ ಪೂರ್ಣ ರಿಯಾಯಿತಿ ಇದ್ದುದರಿಂದ, ಹಿಡಿದದ್ದನ್ನು ಅದು ಹಿಂದಿರುಗಿಸಿರಲೂ ಬಹುದು. ಹಣ ಕೊಡುವ ಪ್ರತಿಯೊಬ್ಬರಿಗೂ ತಮ್ಮ ಪಾಲಿನ ಆದಾಯವಷ್ಟೇ ಕಾಣುತ್ತದೆ, ಒಟ್ಟು ಮೊತ್ತವನ್ನು ಕಾಣಬಲ್ಲವರು ದುಡಿದವರು ಮಾತ್ರ. 2025-26ರಿಂದ ಈ ರಿಯಾಯಿತಿ 12 ಲಕ್ಷದವರೆಗೆ ಏರಿರುವುದರಿಂದ ಇದೇ ಗಳಿಕೆಗೆ ತೆರಿಗೆ ಬೀಳದು. ಆದರೆ ಕಡಿತವಾದ 90,000 ರೂಪಾಯಿ ಮರಳಿ ಬರಲು ರಿಟರ್ನ್ಸ್ ಬಿಟ್ಟರೆ ಬೇರೆ ದಾರಿಯಿಲ್ಲ.

ಟಿಡಿಎಸ್ ಕಳೆದ ಮೇಲೆ ಬಾಕಿ ತೆರಿಗೆ 10,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದನ್ನು ವರ್ಷದೊಳಗೇ ಮುಂಗಡ ತೆರಿಗೆಯಾಗಿ ಕಟ್ಟಬೇಕು. ಸಾಮಾನ್ಯ ಕ್ರಮದಲ್ಲಿ ಜೂನ್, ಸೆಪ್ಟೆಂಬರ್, ಡಿಸೆಂಬರ್ ಮತ್ತು ಮಾರ್ಚಿ ತಿಂಗಳುಗಳ 15ನೇ ತಾರೀಕಿನೊಳಗೆ ನಾಲ್ಕು ಕಂತುಗಳಿದ್ದರೆ, 44ಎಡಿಎ ಆಯ್ದವರಿಗೆ ಮಾರ್ಚಿ 15ರ ಒಂದೇ ಕಂತು ಸಾಕು. ತಪ್ಪಿದರೆ ತಿಂಗಳಿಗೆ ಶೇಕಡಾ 1ರಂತೆ ಬಡ್ಡಿ ಬೀಳುತ್ತದೆ. ಪ್ರತಿ ಬಿಲ್ಲಿನ ಹಣ ಬಂದಾಗಲೂ ಒಂದು ಭಾಗವನ್ನು ಬೇರೆ ಖಾತೆಗೆ ಎತ್ತಿಡುವವರಿಗೆ ಮಾರ್ಚಿ ಭಾರವಾಗುವುದಿಲ್ಲ.

ಮಾರ್ಚಿಯ ಬಿಲ್ಲು ಇನ್ನೊಂದು ಗೊಂದಲಕ್ಕೆ ಕಾರಣ. ಗಿರಾಕಿ ತನ್ನ ಪುಸ್ತಕದಲ್ಲಿ ಮಾರ್ಚಿಯಲ್ಲೇ ಮೊತ್ತವನ್ನು ಜಮೆ ತೋರಿಸಿ ಟಿಡಿಎಸ್ ಕಟ್ಟಿ, ಹಣವನ್ನು ಮೇ ತಿಂಗಳಲ್ಲಿ ಕೊಟ್ಟರೆ, ಕಡಿತಗಳ ಸರ್ಕಾರಿ ಪಟ್ಟಿಯಾದ 26ಎಎಸ್ ಹಳೆಯ ವರ್ಷವನ್ನೂ ಬ್ಯಾಂಕಿನ ಖಾತೆ ಹೊಸ ವರ್ಷವನ್ನೂ ತೋರಿಸುತ್ತವೆ. ಆದಾಯ ಯಾವ ವರ್ಷದ್ದೆಂದು ಲೆಕ್ಕಕ್ಕೆ ಬರುತ್ತದೋ ಆ ವರ್ಷವೇ ಟಿಡಿಎಸ್ ಜಮೆಯನ್ನು ಪಡೆಯಬೇಕೆಂಬುದು ನಿಯಮವಾಗಿದ್ದು, ಮುಂದಿನ ವರ್ಷಕ್ಕೆ ಒಯ್ಯಲು ರಿಟರ್ನ್ಸಿನಲ್ಲಿಯೇ ಅಂಕಣವಿದೆ. ಆದಾಯವನ್ನು ಒಂದು ವರ್ಷಕ್ಕೂ ಜಮೆಯನ್ನು ಇನ್ನೊಂದಕ್ಕೂ ಹಾಕಿದ ರಿಟರ್ನ್ಸಿಗೆ ಇಲಾಖೆಯಿಂದ ಪ್ರಶ್ನೆ ಬರುವುದು ಸಹಜ. ಈ ಕಾರಣಕ್ಕಾಗಿ, 44ಎಡಿಎ ಲೆಕ್ಕಪುಸ್ತಕದಿಂದ ಬಿಡುಗಡೆ ಕೊಟ್ಟಿದ್ದರೂ, ಬಿಲ್ಲಿನ ದಿನ, ಹಣ ಬಂದ ದಿನ ಮತ್ತು ಕಡಿತದ ಮೊತ್ತವನ್ನು ಬರೆದಿಡುವುದು ಒಳ್ಳೆಯದು.

ತೆರಿಗೆ ಪದ್ಧತಿಯ ಆಯ್ಕೆಯಲ್ಲಿ ನೌಕರರಿಗಿದ್ದ ಸ್ವಾತಂತ್ರ್ಯವೂ ಕುಗ್ಗುತ್ತದೆ. ಸಂಬಳದವರು ಪ್ರತಿ ವರ್ಷ ಹಳೆಯ ಅಥವಾ ಹೊಸ ಪದ್ಧತಿಯನ್ನು ಆರಿಸಿಕೊಳ್ಳಬಹುದಾದರೆ, ವೃತ್ತಿಯ ಆದಾಯವಿರುವವರು ಹಳೆಯದಕ್ಕೆ ಹೋಗಲು ಗಡುವಿನೊಳಗೆ ಫಾರಂ 10-ಐಇಎ ಸಲ್ಲಿಸಬೇಕು, ಮತ್ತು ಒಮ್ಮೆ ಹೊಸದಕ್ಕೆ ಮರಳಿದ ಮೇಲೆ ವೃತ್ತಿಯ ಆದಾಯ ಇರುವತನಕ ಪುನಃ ಹಳೆಯದಕ್ಕೆ ಹೋಗುವಂತಿಲ್ಲ. ಮನೆ ಬಾಡಿಗೆ ಭತ್ಯೆಯ ವಿನಾಯಿತಿ ನೌಕರಿಯೊಂದಿಗೇ ಮುಗಿಯುತ್ತದೆ. ಹಳೆಯ ಪದ್ಧತಿಯಲ್ಲಿ ಕಲಂ 80ಜಿಜಿ ಅದಕ್ಕೆ ಬದಲಾಗಿ ಕೊಡುವುದು ತಿಂಗಳಿಗೆ ಹೆಚ್ಚೆಂದರೆ 5,000 ರೂಪಾಯಿ, ಬೆಂಗಳೂರಿನ ಬಾಡಿಗೆಗೆ ತೀರಾ ಅಲ್ಪ. ಐದು ವರ್ಷದ ಸೇವೆ ತುಂಬುವ ಮೊದಲೇ ಭವಿಷ್ಯ ನಿಧಿಯನ್ನು ಹಿಂಪಡೆದರೆ ಸಾಮಾನ್ಯವಾಗಿ ಅದಕ್ಕೂ ತೆರಿಗೆ ಬೀಳುತ್ತದೆಯಾದ್ದರಿಂದ, ಕೈಗಡಕ್ಕೆಂದು ಆ ಹಣವನ್ನು ಮುಟ್ಟದಿರುವುದು ಮೇಲು.

ಸೇವೆಗಳಿಂದ ಬರುವ ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಕರ್ನಾಟಕದ ವೃತ್ತಿ ತೆರಿಗೆಯನ್ನೂ ಇನ್ನು ಮುಂದೆ ಸಂಬಳದಲ್ಲಿ ಹಿಡಿಯುವವರಿರುವುದಿಲ್ಲವಾದ್ದರಿಂದ, ಸ್ವತಂತ್ರ ವೃತ್ತಿಯವರು ತಾವೇ ಹೆಸರು ದಾಖಲಿಸಿ ಕಟ್ಟಬೇಕು. ಸಂವಿಧಾನದ 276ನೇ ವಿಧಿಯಂತೆ ಅದು ವರ್ಷಕ್ಕೆ 2,500 ರೂಪಾಯಿ ಮೀರುವಂತಿಲ್ಲ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವುದರಿಂದ ಆ ದಿನದಿಂದಾಚೆಗಿನ ಗಳಿಕೆಗೆ ಮೇಲಿನ ಕಲಮುಗಳ ಸಂಖ್ಯೆಗಳು ಬದಲಾಗುತ್ತವೆ. ಹಿಂದಿನ ವರ್ಷಗಳ ರಿಟರ್ನ್ಸಿಗೆ ಹಳೆಯ ಸಂಖ್ಯೆಗಳೇ ಅನ್ವಯಿಸುತ್ತವೆ.