ಮದ್ಯವೂ ನಿದ್ರಾಗುಳಿಗೆಯೂ ತಟ್ಟನೆ ನಿಂತಾಗ: ಶುಶ್ರೂಷಕರು ಗುರುತಿಸಬೇಕಾದ ಲಕ್ಷಣಗಳು

ಕಾಲು ಮುರಿದು ಆಸ್ಪತ್ರೆ ಸೇರಿದ ಗೃಹಸ್ಥನೊಬ್ಬನು ಮೊದಲ ದಿನ ಶಾಂತನಾಗಿದ್ದು, ಮೂರನೆಯ ರಾತ್ರಿ ಗೋಡೆಯ ಮೇಲೆ ಹುಳುಗಳು ಹರಿಯುತ್ತಿವೆಯೆಂದು ಕೂಗುತ್ತ ಮಂಚದಿಂದ ಧುಮುಕಲೆಳಸಿದರೆ, ನೋಡಿದವರು ಅದನ್ನು ಜ್ವರದ ಸನ್ನಿಯೆಂದೋ ಬುದ್ಧಿಭ್ರಮಣೆಯೆಂದೋ ಬಗೆಯುವುದುಂಟು. ನಿಜವಾದ ಕಾರಣ ಬೇರೆಯೇ ಇರಬಹುದು. ವರುಷಗಟ್ಟಲೆ ಅನುದಿನವೂ ಸೇವಿಸುತ್ತಿದ್ದ ಮದ್ಯವು ಆಸ್ಪತ್ರೆಯ ಬಾಗಿಲಲ್ಲೇ ನಿಂತುಹೋಗಿದೆ. ಅದನ್ನು ಆತನು ಹೇಳಿಲ್ಲ, ಯಾರೂ ಕೇಳಿಲ್ಲ.

ಮದ್ಯ, ಫಿನೋಬಾರ್ಬಿಟೋನ್, ಡಯಾಜೆಪಾಮ್, ಆಲ್‌ಪ್ರಜೋಲಾಮ್ ಮೊದಲಾದವು ನರಮಂಡಲದ ವೇಗವನ್ನು ತಗ್ಗಿಸುವಂಥವು. ದಿನವೂ ಕಡಿವಾಣ ಬಿದ್ದ ಮಿದುಳು ಅದಕ್ಕೆ ಪ್ರತಿಯಾಗಿ ತನ್ನ ಉದ್ರೇಕವನ್ನು ಹೆಚ್ಚಿಸಿಕೊಂಡಿರುತ್ತದೆ. ಕಡಿವಾಣ ಕಳಚಿದೊಡನೆ ಆ ಉದ್ರೇಕವು ತಡೆಯಿಲ್ಲದೆ ಹೊಮ್ಮುತ್ತದೆ. ಆದುದರಿಂದಲೇ ಲಕ್ಷಣಗಳು ಔಷಧದ ಗುಣಕ್ಕೆ ನೇರ ವಿರುದ್ಧ: ನಿದ್ರೆಗೆ ಬದಲು ಜಾಗರಣೆ, ಸಮಾಧಾನಕ್ಕೆ ಬದಲು ಕಳವಳ. ಅಫೀಮು ಬಿಟ್ಟವನ ಸಂಕಟವು ಘೋರವಾಗಿ ತೋರಿದರೂ ಅದರಿಂದ ಪ್ರಾಣಾಪಾಯ ವಿರಳ; ಇಲ್ಲಿಯಾದರೋ ಅಪಸ್ಮಾರದಂತೆ ಸೆಳೆತ ಬಂದು ಪ್ರಾಣವೇ ಹೋಗಬಹುದು. ಈ ಭೇದವನ್ನು ವಿದ್ಯಾವಂತರೂ ಅರಿತಿರುವುದು ಕಡಮೆ.

ಮದ್ಯದ ವಿಷಯದಲ್ಲಿ ಕಾಲಗಣನೆ ಮುಖ್ಯ. ಕೊನೆಯ ಸೇವನೆಯಿಂದ ಸಾಮಾನ್ಯವಾಗಿ 6ರಿಂದ 12 ಗಂಟೆಗಳಲ್ಲಿ ಕೈನಡುಕ, ಬೆವರು, ವಾಕರಿಕೆ, ನಾಡಿಯ ವೇಗ ತೋರುತ್ತವೆ. ಸೆಳೆತವು ಬರುವುದಾದರೆ ಹೆಚ್ಚಾಗಿ ಮೊದಲ 48 ಗಂಟೆಗಳೊಳಗೆ. ಬಳಿಕ 96 ಗಂಟೆಗಳವರೆಗೆ, 1813ರಲ್ಲಿ ಆಂಗ್ಲ ವೈದ್ಯ ಥಾಮಸ್ ಸಟನ್ ಡಿಲೀರಿಯಮ್ ಟ್ರೆಮೆನ್ಸ್ ಎಂದು ಹೆಸರಿಟ್ಟ ವಿಕಾರದ ಭಯ. ಕನ್ನಡದಲ್ಲಿ ಕಂಪಸನ್ನಿಯೆಂದರೆ ಅರ್ಥ ಕೆಡದು.

ನಡುಕವನ್ನು ದೂರದಿಂದ ನಿರ್ಣಯಿಸಲಾಗದು. ರೋಗಿಯ ಕೈಗಳನ್ನು ಮುಂದಕ್ಕೆ ಚಾಚಿಸಿ, ಬೆರಳುಗಳನ್ನು ಅಗಲಿಸಿ ನೋಡಬೇಕು. ಕಣ್ಣಿಗೆ ಕಾಣದ ಕಂಪನವು ಬೆರಳ ತುದಿಗೆ ಬೆರಳು ತಾಗಿಸಿದಾಗ ತಿಳಿಯುತ್ತದೆ. 1989ರಲ್ಲಿ ಪರಿಷ್ಕೃತವಾದ, 10 ಅಂಶಗಳ ‘ಸೀವಾ’ ಮಾಪನದಲ್ಲಿಯೂ ಈ ಪರೀಕ್ಷೆ ಸೇರಿದೆ. ಪ್ರಶ್ನೆಗೆ ಉತ್ತರಿಸಲಾರದ ರೋಗಿಗೆ ಮಾತ್ರ ಆ ಮಾಪನವು ಒಗ್ಗದು.

ಗುಳಿಗೆಗಳ ದಾರಿ ಇನ್ನೂ ಮೋಸದ್ದು. ಡಯಾಜೆಪಾಮ್ ದೇಹದಲ್ಲಿ ಬಹುಕಾಲ ಉಳಿಯುವುದರಿಂದ, ನಿಲ್ಲಿಸಿ ಒಂದು ವಾರ ಕಳೆದ ಮೇಲೂ ಲಕ್ಷಣಗಳು ತಲೆದೋರಬಹುದು. ಅಷ್ಟರಲ್ಲಿ ರೋಗಿ ಮನೆ ಸೇರಿರುತ್ತಾರೆ. ವೈದ್ಯರೇ ಬರೆದುಕೊಟ್ಟ ಗುಳಿಗೆಯನ್ನು ವೃದ್ಧೆಯೊಬ್ಬರು ಚಟವೆಂದು ಎಣಿಸುವುದೂ ಇಲ್ಲ. “ಏನಾದರೂ ಚಟವುಂಟೇ?” ಎಂದರೆ ಅವರಿಗೆ ಅವಮಾನ. “ಅಮ್ಮಾ, ರಾತ್ರಿ ನಿದ್ರೆಗೆ ಏನು ತೆಗೆದುಕೊಳ್ಳುತ್ತೀರಿ? ಎಷ್ಟು ವರ್ಷದಿಂದ?” ಎಂದರೆ ಸೆರಗಿನ ಗಂಟು ಬಿಚ್ಚಿ ಗುಳಿಗೆಯನ್ನೇ ತೋರಿಸಿಯಾರು.

ಲಕ್ಷಣ ಕಂಡೊಡನೆ ವೈದ್ಯರಿಗೆ ತಿಳಿಸಬೇಕು. ರಕ್ತದ ಸಕ್ಕರೆ ಇಳಿದಿದೆಯೇ, ತಲೆಗೆ ಪೆಟ್ಟಾಗಿದೆಯೇ, ಸೋಂಕುಂಟೇ ಎಂಬುದನ್ನೂ ಅವರು ನೋಡಬೇಕಾಗುತ್ತದೆ. ಅದೇ ವರ್ಗದ ಔಷಧವನ್ನು ಕೊಟ್ಟು ಮೆಲ್ಲಮೆಲ್ಲನೆ ಇಳಿಸುವುದು ಚಿಕಿತ್ಸೆಯ ಕ್ರಮ. ಮದ್ಯಪಾನಿಗೆ ಗ್ಲೂಕೋಸ್ ಏರಿಸುವಾಗ ಮೊದಲೋ ಜೊತೆಗೋ ಥಯಮಿನ್ ಕೊಟ್ಟಿದೆಯೇ ಎಂದು ವಿಚಾರಿಸುವುದೂ ದಾದಿಯ ಕೆಲಸವೇ.