ಕ್ರೋಕ್ ಕಂಡರೆ ಗಂಟಲು ಯಾರದು ನೋಡು

ನಿನ್ನ ಅನುವಾದದ ಹಾಳೆಗಳನ್ನು ಓದಿದೆ ಕಣಮ್ಮ. ಎಲ್ಲೂ ತಡೆಯಿಲ್ಲದೆ ಓದಿಸಿಕೊಂಡು ಹೋಗುತ್ತದೆ. ಆದರೆ ಜ್ವರದಲ್ಲಿ ಮಲಗಿದ ಮುದುಕ ನೀರು ಕೇಳುವ ಕಡೆ ‘ವಟಗುಟ್ಟಿದ’ ಎಂದು ಬರೆದಿದ್ದೀಯ. ಇಂಗ್ಲಿಷ್ ಮೂಲದಲ್ಲಿ ‘ಕ್ರೋಕ್’ ಇದ್ದಿರಬೇಕು. ನಿಘಂಟಿನಲ್ಲಿ ಮೊದಲು ಕಪ್ಪೆ ಕಂಡಿದೆ, ನೀನು ಅಲ್ಲೇ ನಿಂತುಬಿಟ್ಟಿದ್ದೀಯ. ನಮ್ಮ ಕಡೆ ವಟಗುಟ್ಟುವ ಮನುಷ್ಯ ಅಂದರೆ ಗೊಣಗುವವನು. ಪಾಪ, ಆ ಮುದುಕನಿಗೆ ಯಾರ ಮೇಲೂ ಸಿಟ್ಟಿಲ್ಲ, ಗಂಟಲು ಒಣಗಿದೆ ಅಷ್ಟೇ.

ಆ ಪದ ಸಿಕ್ಕಾಗಲೆಲ್ಲ ಮೊದಲು ಗಂಟಲು ಯಾರದು ಅಂತ ನೋಡು. ಕಪ್ಪೆಯದಾದರೆ ವಟಗುಟ್ಟಲಿ, ತಕರಾರಿಲ್ಲ. (ಗಂಡುಕಪ್ಪೆ ಸಾಮಾನ್ಯವಾಗಿ ಬಾಯಿ ಮುಚ್ಚಿಕೊಂಡೇ ಕೂಗುತ್ತದೆ, ಗಾಳಿ ಗಂಟಲ ಚೀಲಕ್ಕೆ ಹೋಗಿ ಬರುತ್ತಿರುತ್ತದೆ. ಹಾಗಾಗಿ ‘ಬಾಯಿ ಅಗಲಿಸಿ’ ಎಂಬ ಅಲಂಕಾರವನ್ನು ನಿನ್ನ ಕೈಯಿಂದ ಸೇರಿಸಬೇಡ.) ಮನುಷ್ಯನದಾದರೆ ‘ಗೊಗ್ಗರು ದನಿಯಲ್ಲಿ ಕೇಳಿದ’ ಅನ್ನು. ಧ್ವನಿತಂತುಗಳು ಊದಿಕೊಂಡು ಸರಿಯಾಗಿ ಕೂಡದೆ ನಡುವೆ ಗಾಳಿ ಸೋರುತ್ತದಲ್ಲ, ಆ ದನಿ ಅದರಲ್ಲಿ ಕೇಳಿಸುತ್ತದೆ.

ಕಷ್ಟ ಬರುವುದು ರೇವನ್ ಹಕ್ಕಿಯ ಹತ್ತಿರ. ಅದು ಕಾಗೆಯ ಜಾತಿಯೇ, ಆದರೆ ನಮ್ಮ ಊರಕಾಗೆಗಿಂತ ದೊಡ್ಡದು, ದನಿಯೂ ಆಳ. ‘ಮ್ಯಾಕ್‌ಬೆತ್’ ನಾಟಕದ ಮೊದಲ ಅಂಕದ ಐದನೇ ದೃಶ್ಯ ತೆಗೆದು ನೋಡು. ರಾಜ ಡಂಕನ್ ಇವತ್ತು ರಾತ್ರಿ ತನ್ನ ಮನೆಗೇ ಬರುತ್ತಾನೆಂದು ತಿಳಿದ ಲೇಡಿ ಮ್ಯಾಕ್‌ಬೆತ್‌ಗೆ ಆ ಬರವನ್ನು ಸಾರುವ ರೇವನ್ನಿನ ಕೂಗು ಕೇಳಿಸುತ್ತದೆ. ಅಲ್ಲಿ ‘ಕಾ ಕಾ ಎಂದಿತು’ ಅಂತ ಬರೆದೆಯೋ, ನಮ್ಮ ಓದುಗರು ನೆಂಟರಿಗೆ ಅಡುಗೆ ಹಚ್ಚಲು ಎದ್ದುಬಿಡುತ್ತಾರೆ! ನೆಂಟ ಬರುವುದೇನೋ ನಿಜ, ಬೆಳಗಾಗುವುದರೊಳಗೆ ಹೆಣವಾಗುತ್ತಾನೆ. ಅಲ್ಲಿಗೆ ‘ಒಡಕು ದನಿಯಲ್ಲಿ ಅಪಶಕುನ ನುಡಿಯಿತು’ ಎಂಬಷ್ಟು ಬಿಡಿಸಿ ಹೇಳಬೇಕಾಗುತ್ತದೆ. ಪದ ಹೆಚ್ಚಾಯಿತೆಂದು ಸಂಪಾದಕರು ಮುಖ ಗಂಟು ಹಾಕಿದರೆ ಹಾಕಿಕೊಳ್ಳಲಿ.

ಸದಾ ಕೇಡನ್ನೇ ನುಡಿಯುವ ಮನುಷ್ಯನಿಗೂ ಇಂಗ್ಲಿಷಿನಲ್ಲಿ ‘ಕ್ರೋಕರ್’ ಎನ್ನುತ್ತಿದ್ದರು. ಆಲಿವರ್ ಗೋಲ್ಡ್‌ಸ್ಮಿತ್ 1768ರ ‘ದಿ ಗುಡ್-ನೇಚರ್ಡ್ ಮ್ಯಾನ್’ ನಾಟಕದಲ್ಲಿ ಅಂಥವನೊಬ್ಬನಿಗೆ ಅದನ್ನೇ ಹೆಸರಾಗಿ ಇಟ್ಟಿದ್ದಾನೆ. ಹಳೆಯ ಪುಸ್ತಕ ಅನುವಾದಿಸುವಾಗ ಇದೊಂದು ನೆನಪಿರಲಿ, ಈಗಿನ ಕಾದಂಬರಿಯಲ್ಲಿ ಅಪರೂಪ.

ಇನ್ನು ‘ಕ್ರೋಕ್’ಗೆ ಇರುವ ಸಾಯುವುದು ಎಂಬ ಅರ್ಥ. ಅದು ಪೋಕರಿ ಮಾತು, ಸತ್ತವನ ಬಗ್ಗೆ ಮರ್ಯಾದೆ ಇಲ್ಲದ್ದು. ಅದಕ್ಕೆ ‘ತೀರಿಕೊಂಡ’, ‘ನಿಧನನಾದ’ ಹಾಕಿದರೆ ಖಾರ ಹೋಗುತ್ತದೆ. ನಮ್ಮ ಬೀದಿಯಲ್ಲೇ ‘ಗೊಟಕ್ ಅಂದ’ ಇದೆಯಲ್ಲ, ಅದಕ್ಕೂ ಇದೇ ಜಾತಿಯ ಗಂಟಲ ಸದ್ದು. ನಿನ್ನ ಆರನೇ ಅಧ್ಯಾಯದ ಪೊಲೀಸಿನವನು ತನ್ನ ಜೊತೆಗಾರನಿಗೆ ಹಾಗೆಯೇ ಹೇಳಲಿ. ಅದೇ ಸುದ್ದಿಯನ್ನು ಅವನು ಸತ್ತವನ ಹೆಂಡತಿಗೆ ತಿಳಿಸುವಾಗ ಮೂಲದ ಪದವೂ ಬೇರೆ ಇರುತ್ತದೆ, ಇನ್ನೊಮ್ಮೆ ನೋಡು.