ಸೆಡಾನೋ, ಸ್ಪೋರ್ಟ್ಸ್ ಕಾರೋ? – ಜಿಎಸ್‌ಟಿಯ ದೃಷ್ಟಿಯಲ್ಲಿ

ಸಂಸ್ಥೆಯ ಹೆಸರಿನಲ್ಲಿ ಅಧಿಕ ಶಕ್ತಿಯ ಸೆಡಾನ್ ಖರೀದಿಸುವ ವರ್ತಕರು, ಅದು ಸ್ಪೋರ್ಟ್ಸ್ ಕಾರೆನಿಸಿದರೆ ತೆರಿಗೆ ಹೆಚ್ಚುವುದೇ, ಸೆಡಾನ್ ಎನಿಸಿದರೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯುವುದೇ ಎಂದು ಕೇಳುವುದುಂಟು.

ವಾಡಿಕೆಯಲ್ಲಿ ಸ್ಪೋರ್ಟ್ಸ್ ಕಾರೆಂದರೆ ಎರಡು ಬಾಗಿಲಿನ, ತಗ್ಗಾದ ವಾಹನ. ಬಿಎಂಡಬ್ಲ್ಯು ಎಂ5 ಕಾರಿಗೆ 4.4 ಲೀಟರಿನ ಎಂಜಿನ್ ಇದ್ದರೂ, ನಾಲ್ಕು ಬಾಗಿಲು ಹಾಗೂ ಐದು ಆಸನಗಳಿರುವುದರಿಂದ ಅದು ಸೆಡಾನೇ ಸರಿ. ಆದರೆ ಕಾನೂನು ಈ ಭೇದವನ್ನು ಎಣಿಸುವುದಿಲ್ಲ. ಸುಂಕಪಟ್ಟಿಯ 8703ನೇ ಶೀರ್ಷಿಕೆಯಲ್ಲಿ ಸಾಮಾನ್ಯ ಕಾರಿನೊಡನೆ ರೇಸಿಂಗ್ ಕಾರೂ ಸೇರಿದೆ.

ದರ ನಿರ್ಧಾರವಾಗುವುದು ಅಳತೆಯಿಂದ. 22-9-2025ರಿಂದ, 1200 ಸಿಸಿ ಹಾಗೂ 4000 ಮಿ.ಮೀ. ಉದ್ದವನ್ನು ಮೀರದ ಪೆಟ್ರೋಲ್ ಕಾರಿಗೆ ಶೇ. 18, ಇವುಗಳಲ್ಲಿ ಒಂದನ್ನು ಮೀರಿದರೂ ಶೇ. 40.

ಕ್ರೆಡಿಟ್ ನಿರ್ಧಾರವಾಗುವುದು ಆಸನ ಮತ್ತು ಬಳಕೆಯಿಂದ. ಕೇಂದ್ರ ಜಿಎಸ್‌ಟಿ ಕಾಯಿದೆಯ 17(5)ನೇ ಕಲಮಿನಂತೆ, ಚಾಲಕನೂ ಸೇರಿ 13 ಆಸನ ಮೀರದ ಪ್ರಯಾಣಿಕ ವಾಹನಕ್ಕೆ ಕ್ರೆಡಿಟ್ ಇಲ್ಲ. ವಾಹನದ ಮರುಮಾರಾಟ, ಪ್ರಯಾಣಿಕರ ಸಾಗಣೆ ಹಾಗೂ ಚಾಲನಾ ತರಬೇತಿಯ ವ್ಯವಹಾರಗಳಿಗೆ ಮಾತ್ರ ವಿನಾಯಿತಿಯುಂಟು.

ಉದಾಹರಣೆಗೆ, ಶೇ. 40ರ ದರದ ಕಾರಿನ ಮೂಲಬೆಲೆ 50 ಲಕ್ಷ ರೂ. ಆದರೆ ತೆರಿಗೆ 20 ಲಕ್ಷ ರೂ. ಈ ಮೊತ್ತ ಮರಳಿ ಬಾರದು. ಲೆಕ್ಕಪುಸ್ತಕದಲ್ಲಿ ಕಾರಿನ ವೆಚ್ಚ 70 ಲಕ್ಷ ರೂ. ಎಂದಾಗುತ್ತದೆ. ಸವಕಳಿಯನ್ನು ಈ ಮೊತ್ತದ ಮೇಲೆ, ವ್ಯಾಪಾರದ ಬಳಕೆಯ ಮಟ್ಟಿಗೆ ಕೋರಬಹುದು.

ಆದುದರಿಂದ ಕಾರಿನ ಹೆಸರಿಗೆ ಮಾರುಹೋಗದೆ, ಕೊಟೇಶನ್ನಿನಲ್ಲಿ ಸಿಸಿ, ಉದ್ದ ಹಾಗೂ ತೆರಿಗೆಯನ್ನು ಪರಿಶೀಲಿಸಿಯೇ ಮುಂಗಡ ನೀಡುವುದು ವಿಹಿತ.